ಜಾಕಿಯೊಂದಿಗೆ ಸ್ಟ್ಯಾಂಡನ್ನೂ ಮಾರೋಣ

ಹೊಸಪೇಟೆಯ ಯಾವುದೇ ವಾಹನ ಉಪಕರಣಗಳ ಅಂಗಡಿಗೆ ಹೋಗಿ ಜಾಕಿ ಬೇಕೆಂದು ಕೇಳಿದರೆ 2 ಟನ್ನಿನಿಂದ 20 ಟನ್ನಿನವರೆಗೆ ಸಾಲಾಗಿ ತೆಗೆದು ತೋರಿಸುತ್ತಾರೆ. ಅದೇ ಅಂಗಡಿಯಲ್ಲಿ ಜಾಕಿ ಸ್ಟ್ಯಾಂಡ್ ಕೇಳಿದರೆ "ತರಿಸಿಕೊಡುತ್ತೇವೆ" ಎಂಬ ಉತ್ತರ ಬರುವುದೇ ಹೆಚ್ಚು. ಇದನ್ನು ಆಕ್ಷೇಪಣೆಯಾಗಿ ಬರೆಯುತ್ತಿಲ್ಲ. ಮೂರು ವರ್ಷಗಳ ಹಿಂದಿನವರೆಗೆ ನನ್ನ ಅಂಗಡಿಯ ಸ್ಥಿತಿಯೂ ಇದೇ ಆಗಿತ್ತು. ವಾಹನವನ್ನು ಎತ್ತುವ ಸಾಧನವನ್ನು ಮಾರಿ, ಎತ್ತಿದ್ದನ್ನು ಹಿಡಿದಿಡುವ ಸಾಧನವನ್ನು ಮಾರದೆ ಇರುವುದೆಂದರೆ ಗಿರಾಕಿಗೆ ಅರ್ಧ ಸರಕನ್ನು ಕೊಟ್ಟು ಪೂರ್ತಿ ಹಣ ಪಡೆದಂತೆ ಎಂಬುದು ಈಗ ನನಗೆ ಖಚಿತವಾಗಿದೆ. ಈ ಮಾತನ್ನು ವರ್ತಕ ಬಂಧುಗಳ ಮತ್ತು ಸಣ್ಣ ಉದ್ದಿಮೆದಾರರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ನನಗೆ ಇದು ತಿಳಿದದ್ದು ಒಬ್ಬ ಹಳೆಯ ಗಿರಾಕಿಯಿಂದ. ನಿವೃತ್ತರಾದ ಅವರ ಮನೆಯಲ್ಲಿ ತಂದೆಯ ಕಾಲದ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇದೆ. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿನ ವಿನ್ಯಾಸದಂತೆ ಮದರಾಸಿನಲ್ಲಿ 1961ರಿಂದ 1971ರವರೆಗೆ ತಯಾರಾದ ಕಾರು ಅದು. ಅದನ್ನು ಅಂಗಳದಲ್ಲಿ ತಾವೇ ರಿಪೇರಿ ಮಾಡಿಕೊಳ್ಳುವುದು ಅವರ ಹವ್ಯಾಸ. ನನ್ನಲ್ಲಿ ಒಂದು ಹೈಡ್ರಾಲಿಕ್ ಜಾಕಿ ಕೊಂಡು ಹೋಗಿ ಹಿಂದಿನ ಒಂದು ಗಾಲಿಯನ್ನು ಬಿಚ್ಚಿದ್ದರು. ಬ್ರೇಕಿನ ಡ್ರಮ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಹ್ಯಾಂಡ್‌ಬ್ರೇಕ್ ಹಾಕಿದ್ದರೆ ಹಿಂದಿನ ಡ್ರಮ್ ಹೊರಬರುವುದಿಲ್ಲ. ಆದ್ದರಿಂದ ಅದನ್ನೂ ಸಡಿಲಿಸಿ, ಡ್ರಮ್ಮನ್ನು ಎರಡೂ ಕೈಗಳಿಂದ ಹಿಡಿದು ಜಗ್ಗಿದ್ದಾರೆ. ಕಾರು ಒಂದು ಅಂಗುಲದಷ್ಟು ಮುಂದೆ ಸರಿದಿದೆ, ಜಾಕಿ ವಾಲಿದೆ, ಕಾರು ಕೆಳಗೆ ಕುಸಿದಿದೆ. ತೆಗೆದ ಗಾಲಿಯನ್ನು ಎಲ್ಲಿಡುವುದೆಂದು ತೋಚದೆ ಕಾರಿನ ಕೆಳಕ್ಕೇ ತಳ್ಳಿದ್ದರಂತೆ. ಅದರ ಮೇಲೆ ಕಾರು ನಿಂತದ್ದರಿಂದ ಮಂಡಿಗೆ ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಮರುದಿನ ಜಾಕಿಯನ್ನು ಹೊತ್ತು ತಂದು ನನ್ನ ಗಲ್ಲಾಪೆಟ್ಟಿಗೆಯ ಮುಂದಿಟ್ಟರು. ಸಿಟ್ಟಿರಲಿಲ್ಲ. "ಶೆಟ್ರೇ, ಎತ್ತೋದು ಮಾರಿದ್ರಿ, ಹಿಡಿಯೋದು ಯಾಕೆ ಮಾರಲಿಲ್ಲ?" ಎಂದು ಕೇಳಿದರು. ಅವರು ಕೇಳಿರಲಿಲ್ಲ ಎಂಬುದು ನಿಜ. ಆದರೆ ಕೇಳಬೇಕೆಂದು ಅವರಿಗೆ ತಿಳಿದಿರಲಿಲ್ಲ, ಹೇಳಬೇಕೆಂದು ನನಗೂ ತೋಚಿರಲಿಲ್ಲ.

ಹಳೆಯ ಕಾರುಗಳ ಹವ್ಯಾಸ ನಮ್ಮ ಭಾಗಕ್ಕೆ ಹೊಸದೇನಲ್ಲ. ಹೊಸಪೇಟೆಯಲ್ಲಾಗಲಿ, ಸಂಡೂರು, ಕಂಪ್ಲಿಗಳಲ್ಲಾಗಲಿ, ಹಳೆಯ ವರ್ತಕ ಮನೆತನಗಳ ಕೊಟ್ಟಿಗೆ ಗೋದಾಮುಗಳಲ್ಲಿ ಒಂದು ಅಂಬಾಸಿಡರೋ ಪದ್ಮಿನಿಯೋ ಹೊದಿಕೆ ಹೊದ್ದು ನಿಂತಿರುವುದನ್ನು ಕಾಣಬಹುದು. 2014ರಲ್ಲಿ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತ ಮೇಲೆ ಅವುಗಳ ಮೇಲಿನ ಮಮತೆ ಹೆಚ್ಚಿದೆ. ಐವತ್ತು ವರ್ಷ ಮೀರಿದ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯ ನಿಯಮವನ್ನು 2021ರಲ್ಲಿ ಕೇಂದ್ರ ಸರ್ಕಾರ ತಂದ ನಂತರ ಹವ್ಯಾಸಿಗಳ ಉತ್ಸಾಹಕ್ಕೆ ಇನ್ನಷ್ಟು ಇಂಬು ದೊರೆತಿದೆ. ಇಂಥವರು ಬಹುಮಟ್ಟಿಗೆ ಮನೆಯಲ್ಲೇ, ರಜೆಯ ದಿನ, ಒಬ್ಬರೇ ಕೆಲಸ ಮಾಡುತ್ತಾರೆ. ಗ್ಯಾರೇಜಿನಲ್ಲಿ ಕೂಗಿದರೆ ನಾಲ್ಕು ಜನ ಬರುತ್ತಾರೆ. ಮನೆಯ ಹಿತ್ತಲಲ್ಲಿ ಕಾರಿನಡಿ ಮಲಗಿದವನ ಕೂಗು ಯಾರಿಗೂ ಕೇಳಿಸುವುದಿಲ್ಲ.

ಜಾಕಿಯ ಮೇಲೆ ಭರವಸೆ ಇಡಬಾರದೇಕೆ ಎಂಬುದನ್ನು ಗಿರಾಕಿಗೆ ವಿವರಿಸಲು ಅದರ ಒಳಗಿನ ಕ್ರಮ ನಮಗೆ ತಿಳಿದಿರಬೇಕು. ಸೀಸೆಯಾಕಾರದ ಜಾಕಿಯೊಂದರಲ್ಲಿ 10 ಮಿ.ಮೀ. ವ್ಯಾಸದ ಸಣ್ಣ ಕೊಂತವೂ 40 ಮಿ.ಮೀ. ವ್ಯಾಸದ ದೊಡ್ಡ ಕೊಂತವೂ ಇವೆ ಎಂದಿಟ್ಟುಕೊಳ್ಳಿ. ವಿಸ್ತೀರ್ಣದ ಲೆಕ್ಕದಲ್ಲಿ ದೊಡ್ಡದು ಸಣ್ಣದರ 16 ಪಟ್ಟು. ಹಿಡಿಕೆಯ ಸನ್ನೆಯಿಂದ ಇನ್ನೊಂದು 15 ಪಟ್ಟು ದೊರೆತರೆ ಒಟ್ಟು 240 ಪಟ್ಟು ಆಯಿತು. ಕೈಯಿಂದ 25 ಕಿಲೋ ಒತ್ತಿದರೆ, ಘರ್ಷಣೆಯ ನಷ್ಟ ಬಿಟ್ಟು, 6 ಟನ್ ಏಳುತ್ತದೆ. ಆದರೆ ಆ 6 ಟನ್ನಿನ ಭಾರವನ್ನೂ ಮೇಲೆ ತಡೆದಿರುವುದು ಒಂದು ರಬ್ಬರ್ ಸೀಲ್, ಒಂದು ಪುಟ್ಟ ಉಕ್ಕಿನ ಗುಂಡು ಮತ್ತು ಒಂದು ತಿರುಪು, ಅಷ್ಟೇ. ಗುಂಡಿನ ಕೆಳಗೆ ಒಂದು ಕಣ ಧೂಳು ಸೇರಿದರೆ ಎಣ್ಣೆ ಹಿಂದಕ್ಕೆ ಜಾರುತ್ತದೆ. ನಮ್ಮಲ್ಲಿ ಧೂಳಿಗೆ ಕೊರತೆಯೇ! ಸಂಡೂರಿನ ದಾರಿಯ ಕೆಂಪು ಅದಿರು ಧೂಳು ಕೊಂತದ ಮೈಯನ್ನು ಗೀರಿ ಸೀಲನ್ನು ಸವೆಸುವಷ್ಟು ಕಠಿಣವಾದದ್ದು. ಆಯುಧಪೂಜೆಯಂದು ಜಾಕಿಗೂ ತಪ್ಪದೆ ಅರಿಶಿನ ಕುಂಕುಮ ಹಚ್ಚುತ್ತೇವೆ. ಅದರ ಎಣ್ಣೆಯನ್ನು ಯಾವಾಗ ಬದಲಿಸಿದೆವೆಂದು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಕಡಿಮೆಯಾದ ಎಣ್ಣೆಗೆ ಬದಲಾಗಿ ಕೈಗೆ ಸಿಕ್ಕ ಬ್ರೇಕ್ ಆಯಿಲ್ ಸುರಿಯುವವರೂ ಇದ್ದಾರೆ. ಜಾಕಿಯ ಸೀಲುಗಳು ಅದಕ್ಕೆ ಊದಿಕೊಂಡು ಹಾಳಾಗುತ್ತವೆ.

ಒಳಗಿನದೆಲ್ಲ ಸರಿಯಿದ್ದರೂ ಜಾಕಿ ಉರುಳಬಹುದು. ಅದರ ಪಾದ ಅಂಗೈಯಗಲ, ತಲೆ ರೂಪಾಯಿಯ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ನೇರವಾಗಿ ಬರುವ ಭಾರವನ್ನು ಅದು ತಡೆಯುತ್ತದೆ. ಅಡ್ಡಲಾಗಿ ಬರುವ ಜಗ್ಗಾಟವನ್ನು ತಡೆಯಲಾರದು. ಕಚ್ಚಿಕೊಂಡ ಡ್ರಮ್ ಎಳೆಯುವುದು, ಪಾನಾಕ್ಕೆ ಪೈಪು ತೂರಿಸಿ ನಟ್ಟು ತಿರುಗಿಸುವುದು, ಇವೆಲ್ಲ ಅಡ್ಡ ಜಗ್ಗಾಟಗಳೇ.

ಇನ್ನು ನೆಲದ ವಿಚಾರ. ನಮ್ಮ ಮನೆಗಳ ಅಂಗಳಕ್ಕೆ ಸಾಮಾನ್ಯವಾಗಿ ಕಡಪ ಕಲ್ಲನ್ನೋ ಶಹಾಬಾದ್ ಕಲ್ಲನ್ನೋ ಮರಳಿನ ಮೇಲೆ ಹಾಸಿರುತ್ತಾರೆ. ನೋಡಲು ಗಟ್ಟಿ. ಆದರೆ ಕೆಳಗಿನ ಮರಳು ಎಲ್ಲಿ ಕುಸಿದಿದೆಯೋ ಅಲ್ಲಿ ಜಾಕಿಯ ಪಾದ ಕುಳಿತರೆ ಚಪ್ಪಡಿ ಹಪ್ಪಳದಂತೆ ಒಡೆಯುತ್ತದೆ. ಬೇಸಿಗೆಯ 40 ಡಿಗ್ರಿ ಬಿಸಿಲಿನಲ್ಲಿ ಮೆತ್ತಗಾದ ಡಾಂಬರು, ಕಂಪ್ಲಿಯ ಕಡೆಯ ಎರೆಮಣ್ಣು, ಇವುಗಳಲ್ಲಿ ಜಾಕಿ ಸದ್ದಿಲ್ಲದೆ ಹೂತುಕೊಳ್ಳುತ್ತದೆ. ಒಂದೂವರೆ ಅಂಗುಲ ದಪ್ಪದ, ಒಂದು ಚದರಡಿಯ ಗಟ್ಟಿ ಹಲಗೆಯನ್ನು ಅಡಿಗಿಟ್ಟರೆ ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಚಪ್ಪಡಿ ಅಲುಗುತ್ತಿದ್ದರೆ ಮಾತ್ರ ಹಲಗೆಯನ್ನೂ ನಂಬದೆ ಬೇರೆ ಜಾಗ ನೋಡಬೇಕು.

ಆಸರೆಗೆ ಕಲ್ಲು ಇಡುವುದು ನಮ್ಮವರ ಬಹುಕಾಲದ ರೂಢಿ. ಹಂಪಿಯ ಸೀಮೆಯಲ್ಲಿ ಕಲ್ಲಿಗೇನು ಬಡತನ? ಮಂಟಪಗಳ ಕಂಬಗಳು ಐನೂರು ವರ್ಷಗಳಿಂದ ತೊಲೆಗಳನ್ನು ಹೊತ್ತು ನಿಂತಿರುವಾಗ ಒಂದು ಕಾರನ್ನು ಹೊರಲಾರದೇ ಎಂದು ಒಬ್ಬ ಮಿತ್ರರು ನನ್ನೊಡನೆ ವಾದಿಸಿದ್ದರು. ಶಿಲ್ಪಿಗಳು ಕಂಬದ ತಲೆಯ ಮೇಲೆ ಅಗಲವಾದ ಬೋದಿಗೆಯನ್ನಿಟ್ಟು ತೊಲೆಯ ಭಾರವನ್ನು ಹರಡಿ ಕೂರಿಸಿದ್ದಾರೆ. ಮೇಲೆ ಕೂತದ್ದು ಅಲುಗುವುದೂ ಇಲ್ಲ. ನಾವಾದರೋ ಕಲ್ಲಿನ ಮೇಲೆ ಕಾರಿನ ಕಬ್ಬಿಣದ ಅಂಚನ್ನು ಕೂರಿಸುತ್ತೇವೆ. ಇಡೀ ಭಾರ ಒಂದು ಗೆರೆಯ ಮೇಲೆ ಬೀಳುತ್ತದೆ. ಕಬ್ಬಿಣ ಬಾಗಿ ಮುನ್ಸೂಚನೆ ಕೊಡುತ್ತದೆ. ಕಲ್ಲು ಬಾಗುವುದಿಲ್ಲ, ಸಿಡಿಯುತ್ತದೆ. ಇಟ್ಟಿಗೆ ಮತ್ತು ಒಳಗೆ ಟೊಳ್ಳಿರುವ ಸಿಮೆಂಟ್ ಬ್ಲಾಕುಗಳು ಇದಕ್ಕಿಂತ ಅಪಾಯಕಾರಿ.

ಹಳೆಯ ಕಾರಿನಲ್ಲಿ ಇನ್ನೊಂದು ತೊಡಕಿದೆ. ಎಲ್ಲಿ ಎತ್ತಬೇಕು ಎಂಬುದೇ ಪ್ರತಿ ಕಾರಿಗೂ ಬೇರೆ. ಹೆರಾಲ್ಡಿಗೆ ಪ್ರತ್ಯೇಕ ಚಾಸಿ ಇದೆ. ಅದನ್ನು ಆಧರಿಸಿ ಎತ್ತಬಹುದು. ಅಂಬಾಸಿಡರ್, ಪದ್ಮಿನಿಗಳಲ್ಲಿ ಬಾಡಿಯೇ ಚಾಸಿಯ ಕೆಲಸ ಮಾಡುತ್ತದೆ. ಬಾಗಿಲ ಕೆಳಗಿನ ಅಂಚು ನಲವತ್ತು ಮಳೆಗಾಲ ಕಂಡು ಒಳಗೊಳಗೇ ತುಕ್ಕು ತಿಂದಿದ್ದರೆ, ಮೇಲಿನ ಬಣ್ಣ ಹೊಳೆಯುತ್ತಿದ್ದರೂ ಜಾಕಿ ತಗಡನ್ನು ತೂತು ಮಾಡಿಕೊಂಡು ಒಳಗೆ ಹೋಗುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಒಮ್ಮೆ ತಟ್ಟಿ ನೋಡಿದರೆ ಸದ್ದಿನಲ್ಲೇ ತಿಳಿಯುತ್ತದೆ. ಬೆಂಗಳೂರಿನ ಸಿಪಾನಿ ಸಂಸ್ಥೆ 1980ರ ದಶಕದಲ್ಲಿ ತಯಾರಿಸಿದ, ಕಾರು ಸ್ಪರ್ಧೆಗಳಲ್ಲಿ ಹೆಸರಾದ ಡಾಲ್ಫಿನ್ ಕಾರಿನದು ಫೈಬರ್ ಗಾಜಿನ ಬಾಡಿ. ಚಾಸಿ ಬಿಟ್ಟು ಬೇರೆಲ್ಲಿ ಜಾಕಿ ಕೊಟ್ಟರೂ ಬಾಡಿ ಬಿರಿಯುತ್ತದೆ. 1990ರ ದಶಕದ ಕೊನೆಗೆ ಬಂದ ಸ್ಯಾನ್ ಸ್ಟಾರ್ಮ್ ಎಂಬ ಇಬ್ಬರು ಕೂರುವ ತೆರೆದ ಕಾರಿಗೂ ಇದೇ ಮಾತು ಸಲ್ಲುತ್ತದೆ. ಇಂಥ ತಗ್ಗಾದ ಕಾರುಗಳ ಕೆಳಗೆ ಜಾಕಿ ತೂರುವುದೇ ಕಷ್ಟ. ಮೊದಲು ಗಾಲಿಗಳನ್ನು ಹಲಗೆಯ ಮೇಲೆ ಹತ್ತಿಸಿಕೊಳ್ಳಬೇಕು. ಯಾವ ಕಾರೇ ಆಗಲಿ, ಎಂಜಿನ್ನಿನ ಆಯಿಲ್ ಚೇಂಬರಿಗೆ ಜಾಕಿ ಕೊಡುವುದು ಮಾತ್ರ ಸಲ್ಲದು.

ಗಿರಾಕಿಗೆ ಹೇಳಬೇಕಾದ ಕ್ರಮ ಎರಡು ನಿಮಿಷದ್ದು. ನೆಲ ಸಮತಟ್ಟಾಗಿರಲಿ. ಗಾಲಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿಕೊಳ್ಳಲಿ. ನೆಲದಲ್ಲೇ ಉಳಿಯುವ ಗಾಲಿಗಳಿಗೆ ಹಿಂದೂ ಮುಂದೂ ಅಡ್ಡಗಟ್ಟೆ ಕೊಡಲಿ. ಈ ಹಳೆಯ ಕಾರುಗಳ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು ಮಾತ್ರ. ಹಿಂಭಾಗ ಎತ್ತಿದ ಮೇಲೆ ಅದು ಇದ್ದೂ ಇಲ್ಲದಂತೆ. ಹಿಂದಿನ ಗಾಲಿ ತಿರುಗಿಸಿ ಓಡುವ ಕಾರಿನಲ್ಲಿ ಒಂದೇ ಹಿಂಗಾಲಿಯನ್ನು ಎತ್ತಿದರೆ ಗೇರಿನಲ್ಲಿ ಬಿಟ್ಟಿರುವುದರಿಂದಲೂ ಪ್ರಯೋಜನವಿಲ್ಲ, ಏಕೆಂದರೆ ಎತ್ತಿದ ಗಾಲಿ ತಿರುಗುತ್ತಿದ್ದಂತೆ ಕೆಳಗಿನದು ಉರುಳಬಲ್ಲದು. ಎತ್ತಿದ ಕೂಡಲೆ ಗಟ್ಟಿಯಾದ ಜಾಗದ ಕೆಳಗೆ ಸ್ಟ್ಯಾಂಡ್ ಇಟ್ಟು, ಜಾಕಿಯನ್ನು ನಿಧಾನವಾಗಿ ಇಳಿಸಿ, ಭಾರ ಪೂರ್ತಿ ಸ್ಟ್ಯಾಂಡಿನ ಮೇಲೆ ಕೂರುವಂತೆ ಮಾಡಬೇಕು. ಅನಂತರ ಹೊರಗೆ ನಿಂತು ಕಾರನ್ನು ಕೈಯಿಂದ ಬಲವಾಗಿ ಅಲುಗಾಡಿಸಿ ನೋಡಬೇಕು. ಬೀಳುವುದಿದ್ದರೆ ಆಗಲೇ ಬೀಳಲಿ. ಬಿಚ್ಚಿದ ಗಾಲಿಯನ್ನು ಕಾರಿನ ಕೆಳಗೆ ಮಲಗಿಸಿಡುವುದು ನನ್ನ ಗಿರಾಕಿಗೆ ಅಕಸ್ಮಾತ್ತಾಗಿ ಒದಗಿದ ರಕ್ಷಣೆ. ಅದನ್ನು ಎಲ್ಲರೂ ರೂಢಿ ಮಾಡಿಕೊಳ್ಳಬಹುದು. ಮನೆಯವರಲ್ಲಿ ಒಬ್ಬರಿಗೆ ಹೇಳಿ ಕೆಳಗೆ ಹೋಗುವುದೂ ಲೇಸು.

ಗ್ಯಾರೇಜಿನವರಿಗೆ ಇದೆಲ್ಲ ತಿಳಿದದ್ದೇ ಎನ್ನುವವರಿದ್ದಾರೆ. ತಿಳಿದಿರುವುದು ಬೇರೆ, ಮಾಡುವುದು ಬೇರೆ. 2000ದ ದಶಕದಲ್ಲಿ ಅದಿರು ಲಾರಿಗಳು ಹಗಲಿರುಳು ಓಡುತ್ತಿದ್ದಾಗ ಒಂದು ಟ್ರಿಪ್ಪು ತಪ್ಪಿದರೆ ಆಗುವ ನಷ್ಟವೇ ಎಲ್ಲರ ತಲೆಯಲ್ಲಿತ್ತು. ರಸ್ತೆಯ ಬದಿಯಲ್ಲಿ ಲೋಡಿನ ಸಮೇತ ಜಾಕಿ ಏರಿಸಿ, ಅದರ ಮೇಲೇ ಬಿಟ್ಟು, ಹುಡುಗನನ್ನು ಕೆಳಗೆ ಕಳಿಸುವುದು ಆಗ ರೂಢಿಯಾಯಿತು. ಎತ್ತಿದ ಟಿಪ್ಪರ್ ತೊಟ್ಟಿಗೆ ಆಸರೆಯ ಸಲಾಕೆ ಕೊಡದೆ ಕೆಳಗೆ ನುಗ್ಗುವುದೂ ಇದೇ ಜಾತಿಯ ಅಭ್ಯಾಸ. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಂತಾಗ ಆ ಅವಸರಕ್ಕೆ ತಡೆ ಬಿದ್ದಿತು, ಆದರೆ ಅಭ್ಯಾಸ ಉಳಿಯಿತು. ಆಗ ಕೆಲಸ ಕಲಿತ ಮಿಸ್ತ್ರಿಗಳೇ ಇಂದು ಕಂಪ್ಲಿಯ ಟ್ರಾಕ್ಟರು, ಭತ್ತ ಕೊಯ್ಯುವ ಯಂತ್ರಗಳಿಗೂ, ಹಂಪಿಗೆ ಪ್ರವಾಸಿಗರನ್ನು ಒಯ್ಯುವ ಟ್ಯಾಕ್ಸಿಗಳಿಗೂ ಕೈಹಾಕುತ್ತಿದ್ದಾರೆ. ಅವರನ್ನು ನೋಡಿಯೇ ಮನೆಯ ಹವ್ಯಾಸಿಯೂ ಕಲಿಯುತ್ತಾನೆ.

ಎತ್ತುವ ಸಾಧನವೊಂದನ್ನೇ ನಂಬಿದರೆ ಏನಾಗುತ್ತದೆಂಬುದನ್ನು ನಮ್ಮ ಊರಿನವರಿಗೆ ದೂರದ ಉದಾಹರಣೆಯಿಂದ ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ಅಷ್ಟು ದೊಡ್ಡ ಗೇಟಿನ ಹಣೆಬರಹ ಒಂದು ಸರಪಳಿಯಲ್ಲಿತ್ತು. ನದಿಗೆ ಹರಿದ ನೀರನ್ನು ನೋಡುತ್ತ ಎರಡನೆಯ ಬೆಳೆಯ ಚಿಂತೆಯಲ್ಲಿ ನಾವೆಲ್ಲ ಕಳೆದ ಆ ವಾರವನ್ನು ಮರೆಯಲಾದೀತೆ?

ಹಾಗಾದರೆ ಸ್ಟ್ಯಾಂಡುಗಳನ್ನು ನಾವೇಕೆ ಇಡುತ್ತಿಲ್ಲ? ನನ್ನ ಅನುಭವದಲ್ಲಿ ಕಾರಣ ಸರಳವಾದದ್ದು. ಅದು ಜಾಗ ತಿನ್ನುವ ಸರಕು, ಸಾಗಾಟದ ವೆಚ್ಚ ಹೆಚ್ಚು, ಗಿರಾಕಿ ತಾನಾಗಿ ಕೇಳುವುದಿಲ್ಲ. ಕೇಳದ ಸರಕಿಗೆ ಬಂಡವಾಳ ಹೂಡಲು ಯಾವ ವರ್ತಕನೂ ಹಿಂಜರಿಯುತ್ತಾನೆ. ಆದರೆ ಜಾಕಿ ಕೊಳ್ಳಲು ಬಂದವರಿಗೆ ಜೋಡಿ ಸ್ಟ್ಯಾಂಡನ್ನು ಸೇರಿಸಿ ಒಂದೇ ದರ ಹೇಳಲು ಆರಂಭಿಸಿದ ಮೇಲೆ, ಬೇಡವೆನ್ನುವವರು ನಾನು ಎಣಿಸಿದ್ದಕ್ಕಿಂತ ಕಡಿಮೆ. ಬೇಡವೆಂದವರಿಗೆ ಕಾರಿನ ಕೆಳಗೆ ಹೋಗಬಾರದೆಂದು ಬಾಯಿಮಾತಿನಲ್ಲಿ ಹೇಳುತ್ತೇನೆ, ಬಿಲ್ಲಿನ ಮೇಲೂ ಬರೆಯುತ್ತೇನೆ. "ವ್ಯಾಪಾರ ಕೆಡಿಸಿಕೊಳ್ಳುತ್ತೀರಿ" ಎಂದು ಮಗ ಮೊದಮೊದಲು ಗೊಣಗುತ್ತಿದ್ದ.

ಸಾಗಾಟದ ವೆಚ್ಚಕ್ಕೆ ಪರಿಹಾರ ನಮ್ಮ ಊರಿನ ಫ್ಯಾಬ್ರಿಕೇಷನ್ ಘಟಕಗಳಲ್ಲೇ ಇದೆ. ಗೇಟು, ಗ್ರಿಲ್ಲು, ಟ್ರೇಲರುಗಳನ್ನು ಮಾಡುವ ಕೈಗಳಿಗೆ ಸ್ಟ್ಯಾಂಡ್ ಮಾಡುವುದು ಕಷ್ಟವಲ್ಲ. ಇಲ್ಲಿಯೇ ಎಚ್ಚರಿಕೆಯ ಮಾತೊಂದನ್ನು ಹೇಳಬೇಕಾಗಿದೆ. ಸುಲಭವಾಗಿ ಮಾಡಬಹುದಾದ ವಸ್ತುವನ್ನೇ ಸುಲಭವಾಗಿ ಕೆಡಿಸಲೂಬಹುದು. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಟೂಲ್ಸ್ ಎಂಬ ಉಪಕರಣ ಮಾರಾಟ ಸಂಸ್ಥೆ 3 ಮತ್ತು 6 ಟನ್ನಿನ ಸ್ಟ್ಯಾಂಡುಗಳನ್ನು, ಒಟ್ಟು 17 ಲಕ್ಷದಷ್ಟು, ಗಿರಾಕಿಗಳಿಂದ ಹಿಂದಕ್ಕೆ ಕರೆಯಬೇಕಾಯಿತು. ತಯಾರಿಕೆಯ ಅಚ್ಚುಗಳು ಸವೆದು ಹಲ್ಲುಪಟ್ಟಿಯ ಹಲ್ಲುಗಳು ಕೊಕ್ಕೆಗೆ ಸರಿಯಾಗಿ ಕಚ್ಚದೆ ಇದ್ದುದು ಕಾರಣ. ಬದಲಿಯಾಗಿ ಕೊಟ್ಟ ಸ್ಟ್ಯಾಂಡುಗಳಲ್ಲೂ ಕೆಲವು ಬೆಸುಗೆಯ ದೋಷದಿಂದ ಮತ್ತೆ ವಾಪಸಾದವು.

ಆದುದರಿಂದ ನಮ್ಮ ಘಟಕಗಳು ಹಲ್ಲುಪಟ್ಟಿಯ ಗೊಡವೆಗೆ ಹೋಗದೆ, ಕೊಳವೆಯೊಳಗೆ ಕೊಳವೆಯಿದ್ದು ಅಡ್ಡ ಪಿನ್ ತೂರಿಸುವ ಮಾದರಿಯನ್ನು ಮಾತ್ರ ಮಾಡುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಅದರಲ್ಲಿ ಜಾರುವ ಭಾಗವಿಲ್ಲ, ಪಿನ್ ತೂರಿದೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ. ಸಾಮಾನ್ಯ ಮೆದು ಉಕ್ಕಿನ 16 ಮಿ.ಮೀ. ಪಿನ್ನು ಕೊಳವೆಯ ಎರಡೂ ಗೋಡೆಗಳಲ್ಲಿ ಭಾರ ಹೊರುವುದರಿಂದ ಲೆಕ್ಕದ ಪ್ರಕಾರ 5 ಟನ್ನಿಗೂ ಮೇಲೆ ತಾಳುತ್ತದೆ; 2 ಟನ್ನಿನ ಸ್ಟ್ಯಾಂಡಿಗೆ ಅದು ಸಾಕಷ್ಟು ಅಂತರ. ಆದರೆ ಕಳೆದುಹೋದ ಪಿನ್ನಿಗೆ ಬದಲಾಗಿ 8 ಮಿ.ಮೀ. ಬೋಲ್ಟು ತೂರಿಸಿದರೆ ತಾಳಿಕೆ ಅದರ ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಪಿನ್ನನ್ನು ಸರಪಳಿಯಿಂದ ಸ್ಟ್ಯಾಂಡಿಗೇ ಕಟ್ಟಿರಬೇಕು. ಕಾಲುಗಳು ಹೊರಕ್ಕೆ ಹರಡದಂತೆ ಬುಡದಲ್ಲಿ ಸುತ್ತಲೂ ಪಟ್ಟಿ ಬೇಕು. ಪಾದಕ್ಕೆ ಚಪ್ಪಟೆ ತಗಡು ಬೇಕು, ಇಲ್ಲವಾದರೆ ಮತ್ತೆ ಕಡಪ ಕಲ್ಲಿನ ಕಥೆಯೇ. ಪ್ರತಿ ತಂಡದಿಂದ ಒಂದೆರಡನ್ನು ತೆಗೆದು ಹೇಳಿದ ಭಾರದ ಇಮ್ಮಡಿ ಒತ್ತಡ ಕೊಟ್ಟು ನೋಡಬೇಕು. ಬುಶ್ ಒತ್ತುವ ಹೈಡ್ರಾಲಿಕ್ ಪ್ರೆಸ್ ಮತ್ತು ಒಂದು ಒತ್ತಡ ಮಾಪಕ ಇರುವ ಗ್ಯಾರೇಜಿನಲ್ಲಿ ಇದನ್ನು ಪ್ರಾಥಮಿಕವಾಗಿ ಮಾಡಬಹುದು. ಅಧಿಕೃತ ಪರೀಕ್ಷೆಗೆ ಹೊಸಪೇಟೆಯಲ್ಲಿ ಪ್ರೌಢದೇವರಾಯ ತಾಂತ್ರಿಕ ವಿದ್ಯಾಲಯದಂಥ ಸಂಸ್ಥೆಯನ್ನು ಕೋರಬಹುದು.

ತಯಾರಕರ ಹೆಸರು ಮತ್ತು ಭಾರದ ಮಿತಿಯನ್ನು ಪ್ರತಿ ಸ್ಟ್ಯಾಂಡಿನ ಮೇಲೆ ಅಚ್ಚೊತ್ತುವುದನ್ನು ನಮ್ಮವರು ಅನವಶ್ಯಕ ಖರ್ಚೆಂದು ಭಾವಿಸುತ್ತಾರೆ. ಕಾನೂನಿನ ದೃಷ್ಟಿಯಿಂದ ಅದು ಎಲ್ಲರ ರಕ್ಷಣೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಉತ್ಪನ್ನದ ಹೊಣೆಗಾರಿಕೆ ಎಂಬ ಅಧ್ಯಾಯವೇ ಇದೆ. ದೋಷಯುಕ್ತ ವಸ್ತುವಿನಿಂದ ಹಾನಿಯಾದರೆ ತಯಾರಕನು ಹೊಣೆ. ತಯಾರಕನು ಯಾರೆಂದು ತಿಳಿಯದಿದ್ದರೆ ಮಾರಿದವನ ಮೇಲೆ ಹೊಣೆ ಬರುತ್ತದೆ. ತಯಾರಕನು ಕೊಟ್ಟ ಎಚ್ಚರಿಕೆಯನ್ನು ಗಿರಾಕಿಗೆ ತಲುಪಿಸದಿದ್ದರೂ ಬರುತ್ತದೆ. ಜಾಕಿಯ ಪೆಟ್ಟಿಗೆಯೊಳಗಿನ ಸೂಚನೆಯ ಚೀಟಿಯನ್ನು ತೆಗೆದು, ಜಾಕಿಯನ್ನು ಹಾಗೆಯೇ ಕೈಗೆ ಕೊಟ್ಟು ಕಳಿಸುವವರು ಇದನ್ನು ಗಮನಿಸಬೇಕು. ಗ್ಯಾರೇಜಿನ ಮಾಲೀಕರ ಹೊಣೆಯಂತೂ ಇನ್ನೂ ಹಳೆಯದು. ಕೆಲಸದಲ್ಲಿ ಕಾರ್ಮಿಕನಿಗಾದ ಪೆಟ್ಟಿಗೆ ಪರಿಹಾರ ಕೊಡಬೇಕೆಂಬ ತತ್ವ 1923ರಿಂದಲೇ ನಮ್ಮ ಕಾನೂನಿನಲ್ಲಿದೆ.

ನಮ್ಮ ಸಂಸ್ಥೆಯ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಉಪಕರಣ ವರ್ತಕರನ್ನೂ ಫ್ಯಾಬ್ರಿಕೇಷನ್ ಘಟಕಗಳ ಮಾಲೀಕರನ್ನೂ ಒಂದು ಸಂಜೆ ಕೂಡಿಸಿ, 2 ಮತ್ತು 5 ಟನ್ನಿನ ಎರಡೇ ಮಾದರಿಗಳ ಅಳತೆಯನ್ನು ನಿಗದಿಪಡಿಸಲಿ. ಮೊದಲ ತಂಡದ ಪರೀಕ್ಷೆಯ ವೆಚ್ಚವನ್ನು ನಾವು ವರ್ತಕರು ಹಂಚಿಕೊಳ್ಳೋಣ. ಅದರಲ್ಲಿ ನನ್ನ ಪಾಲು ಸಿದ್ಧವಿದೆ. ಮೊದಲ ಜೋಡಿಯನ್ನು ಆ ಹೆರಾಲ್ಡಿನ ಮಾಲೀಕರಿಗೆ ಕಾದಿರಿಸಿದ್ದೇನೆ. ಸದ್ಯಕ್ಕೆ ಅವರು ನಾನು ಹೊರಗಿನಿಂದ ತರಿಸಿಕೊಟ್ಟ ಜೋಡಿಯ ಮೇಲೆ ಕಾರನ್ನು ನಿಲ್ಲಿಸಿ, ಇನ್ನೊಂದು ಬದಿಯ ಡ್ರಮ್ಮನ್ನು ಬಿಚ್ಚುತ್ತಿದ್ದಾರೆ. ಅದೂ ಕಚ್ಚಿಕೊಂಡಿದೆಯಂತೆ.